ಅಜ್ಜ ಹೇಳಿದ ಸಾಗರ ಯಾವುದು?



ತೀರ್ಥಹಳ್ಳಿ ಕಾರ್ಯಕ್ರಮದ ಬ್ಯಾನರ್ ವಿಷಯಕ್ಕೆ ನಮ್ಮವರೇ ಕೆಲವರು ನನ್ನ ಮೇಲೆ ಸಿಟ್ಟಾಗಿದ್ದಾರೆ. ಹೊಸನಗರ ಕಡೆಯ ನಮ್ಮ ಅಜ್ಜರೊಬ್ಬರ ಫೋಟೊ ಹಾಕಿ "1962ರ ಚೀನಾ ಯುದ್ಧದ ವೀರಯೋಧ" ಅಂತ ಬರೆಸಿದ್ದರು. ಪ್ರಿಂಟಿಗೆ ಕೊಡಬೇಡಿ ಅಂದವನು ನಾನು. "ನಮ್ಮವರ ಮೇಲೇ ತನಿಖೆ ಮಾಡ್ತೀಯಾ? ಬೇರೆಯವರ ಅಜ್ಜಂದಿರ ಕತೆಗೆ ಯಾರಾದ್ರೂ ದಾಖಲೆ ಕೇಳಿದ್ದಾರಾ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಇಲ್ಲೇ ಬರೀತಿದೀನಿ.

ಅಜ್ಜನಿಗೆ ಈಗ 82 ದಾಟಿದೆ. "ಸಾಗರದಲ್ಲಿ ನಂಗೆ ಟ್ರೈನಿಂಗ್ ಆಗಿದ್ದು" ಅಂತ ಹೇಳಿದಾಗಲೆಲ್ಲ ಊರವರು ನಕ್ಕಿದ್ದಾರೆ. ನಮ್ಮ ಸಾಗರದಲ್ಲಿ ಎಲ್ಲಿಯ ಮಿಲಿಟರಿ ಕ್ಯಾಂಪು? ಅಡಿಕೆ ಮಂಡಿ ಇದೆ, ಮಾರಿ ಜಾತ್ರೆ ಇದೆ. ಒಂದು ಕಚೇರಿಗೆ ಅರ್ಜಿ ಹಿಡಿದು ಹೋದಾಗ "ಯಾರ ತೋಟದಲ್ಲಪ್ಪ ನಿನ್ನ ಟ್ರೈನಿಂಗು?" ಅಂದರಂತೆ. ನಾನೂ ಗುಮಾಸ್ತನೇ. ಟೇಬಲ್ಲಿನ ಈಚೆ ಕೂತವರ ಆ ನಗು ಎಂಥದ್ದು ಅಂತ ನಂಗೆ ಗೊತ್ತು.

ಒಂದು ಭಾನುವಾರ ಹೋಗಿ ಕೂತೆ. "ಟೋಪಿ ಮೇಲೆ ಎಂತ ಇತ್ತು ಅಜ್ಜ?"

"ಎರಡು ಮಿಷಿನ್‌ಗನ್ನು ಅಡ್ಡಡ್ಡ. ನಡುವೆ ಒಂದು ಚೂರಿ ಕಣೋ ತಮ್ಮ."

ಅದು ಮಹಾರ್ ರೆಜಿಮೆಂಟಿನ ಲಾಂಛನ. ಆ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ಸಾಗರದಲ್ಲೇ. ಆದರೆ ಅದು ಮಧ್ಯಪ್ರದೇಶದ ಸಾಗರ. ಅಜ್ಜ ಸುಳ್ಳು ಹೇಳಿರಲಿಲ್ಲ, ನಕ್ಕವರಿಗೆ ಇನ್ನೊಂದು ಸಾಗರ ಗೊತ್ತಿರಲಿಲ್ಲ, ಅಷ್ಟೇ.

ಆ ರೆಜಿಮೆಂಟಿನ ಕತೆಯೂ ಇಂಥದ್ದೇ. 1892ರಲ್ಲಿ ಬ್ರಿಟಿಷರು ಮಹಾರರ ಭರ್ತಿ ನಿಲ್ಲಿಸಿದರು. ಮೊದಲ ಮಹಾಯುದ್ಧಕ್ಕೆ ಜನ ಬೇಕಾದಾಗ 1917ರಲ್ಲಿ 111ನೇ ಮಹಾರ್ಸ್ ಕಟ್ಟಿದರು, 1921ರಲ್ಲಿ ಬರಖಾಸ್ತು ಮಾಡಿದರು. ಬಾಬಾಸಾಹೇಬರು ಪಟ್ಟು ಹಿಡಿದ ಮೇಲೆ 1941ರ ಅಕ್ಟೋಬರಿನಲ್ಲಿ ಈಗಿನ ರೆಜಿಮೆಂಟು ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ.

ಇನ್ನು ಬ್ಯಾನರ್ ಮಾತು. ಟ್ರಂಕಿನ ತಳದಲ್ಲಿ ಅಜ್ಜನ ಡಿಸ್ಚಾರ್ಜ್ ಬುಕ್ ಸಿಕ್ಕಿತು. ಭರ್ತಿಯಾದದ್ದು 1963ರ ಮಾರ್ಚ್. ಚೀನಾ ಕದನ ವಿರಾಮ ಘೋಷಿಸಿದ್ದು 1962ರ ನವೆಂಬರ್ 21ಕ್ಕೆ. "ಮೊದಲ ರಜೆಗೆ ಬಂದಾಗ ನಮ್ಮ ಮನೆ ನೀರಲ್ಲಿತ್ತು" ಅಂತಲೂ ಅಜ್ಜ ಹೇಳ್ತಾರೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಡೆಯ ಲೆಕ್ಕವೂ ಪುಸ್ತಕದ ಲೆಕ್ಕವೂ ಕೂಡಿಬರುತ್ತೆ. ಅಂದರೆ ಅಜ್ಜ ಆ ಯುದ್ಧದಲ್ಲಿ ಇರಲಿಲ್ಲ.

ಅದನ್ನ ಅಜ್ಜನಿಗೇ ಹೇಳಿದೆ. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಚೀನಾ ಗಲಾಟೆಗೇ ಅಲ್ವನೋ ನಮ್ಮನ್ನ ಕರೆದಿದ್ದು?" ಅಂದರು. ಹೌದು. 1962ರ ಅಕ್ಟೋಬರ್ 26ಕ್ಕೆ ಹೇರಿದ ತುರ್ತು ಪರಿಸ್ಥಿತಿ 1968ರ ಜನವರಿವರೆಗೂ ಇತ್ತು. ಕಾಗದದಲ್ಲಿ ನಾಲ್ಕು ವಾರದ ಯುದ್ಧ, ಅದಕ್ಕಾಗಿ ಕರೆಸಿಕೊಂಡ ಹುಡುಗರ ಪಾಲಿಗೆ ಐದು ವರ್ಷ. ನೆನಪು ಜಾರಿದ್ದಕ್ಕೂ ಕಾರಣ ಇದೆ. ಅದು ಸುಳ್ಳಲ್ಲ. ಹಾಗಂತ ಬ್ಯಾನರಿಗೆ ಹಾಕುವ ಸತ್ಯವೂ ಅಲ್ಲ.

ಗೆಳೆಯರೇ, ಬೇರೆಯವರ ಕತೆಗೆ ಮನೆಯಲ್ಲಿ ಕಾಗದ ಇದೆ, ಫೋಟೊ ಇದೆ, ಬರೆಯೋಕೆ ಬರೋ ಮಕ್ಕಳಿದ್ದರು. ನಮ್ಮದು ಕೆಲವು ನೀರಲ್ಲಿ ಹೋಯ್ತು, ಉಳಿದದ್ದು ಗೆದ್ದಲಿಗೆ ಹೋಯ್ತು. ಅದಕ್ಕೇ ನಾವು ಹೆಚ್ಚು ಎಚ್ಚರ ಇರಬೇಕು. ಬ್ಯಾನರಿನ ಒಂದು ಸಾಲು ತಪ್ಪಾದರೆ, ನಕ್ಕವರು ಅಜ್ಜನ ಇಡೀ ಹತ್ತು ವರ್ಷದ ಸೇವೆಯನ್ನೇ ಸುಳ್ಳು ಅಂತಾರೆ. ನಾವು ಪರಿಶೀಲಿಸೋದು ಅಪನಂಬಿಕೆ ಅಲ್ಲ. ಅರವತ್ತು ವರ್ಷದಿಂದ ಯಾರೂ ಅಜ್ಜನ ಮಾತನ್ನ ಪರಿಶೀಲಿಸುವಷ್ಟು ಬೆಲೆ ಕೂಡ ಕೊಟ್ಟಿರಲಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ಕೇರಿಗಳಲ್ಲಿ ಇಂಥ ಹಿರಿಯರು ಇದ್ದರೆ ಈ ತಿಂಗಳೇ ಹೋಗಿ. ಇಸವಿ ಕೇಳಬೇಡಿ. ಟೋಪಿ ಮೇಲೆ ಎಂತ ಇತ್ತು, ಮುಳುಗಡೆಗೆ ಮುಂಚೆಯೋ ಆಮೇಲೋ, ಯಾರ ಮದುವೆಗೆ ರಜೆ ಸಿಕ್ಕಿತ್ತು, ಹೀಗೆ ಕೇಳಿ. ಡಿಸ್ಚಾರ್ಜ್ ಬುಕ್ಕಿನ ಪ್ರತಿ ಪುಟದ ಫೋಟೊ ತೆಗೆದಿಡಿ, ಫೇಸ್‌ಬುಕ್ಕಿಗೆ ಮಾತ್ರ ಹಾಕಬೇಡಿ. ಬುಕ್ ಕಳೆದಿದ್ದರೆ ಆರ್ಮಿ ನಂಬರ್ ಹಾಕಿ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಬರೀಬಹುದು. ಪಿಂಚಣಿ ಇಲ್ಲದ, 65 ದಾಟಿದ ಬಡ ಮಾಜಿ ಸೈನಿಕರಿಗೆ ಕೇಂದ್ರೀಯ ಸೈನಿಕ ಮಂಡಳಿಯ ಸಹಾಯಧನವೂ ಇದೆ. ಅರ್ಜಿ ತುಂಬೋಕೆ ನಾನಿದ್ದೀನಿ.

ಅಜ್ಜನ ಪುಸ್ತಕದಲ್ಲಿ ರಕ್ಷಾ ಮೆಡಲ್ 1965 ಅಂತ ನಮೂದಾಗಿದೆ. 1965ರ ಆಗಸ್ಟ್ 5ಕ್ಕೆ 180 ದಿನ ಸೇವೆ ಮುಗಿಸಿದವರಿಗೆ ಕೊಟ್ಟ ಪದಕ. ಹೊಸ ಬ್ಯಾನರಿನಲ್ಲಿ ಅದನ್ನೇ ಹಾಕಿಸ್ತಿದೀವಿ: "1963ರಲ್ಲಿ ಸೇನೆ ಸೇರಿದ, ಮಹಾರ್ ರೆಜಿಮೆಂಟಿನ ಸಿಪಾಯಿ, ರಕ್ಷಾ ಮೆಡಲ್ 1965." ಅಜ್ಜನಿಗೆ ಓದಿ ಹೇಳಿದೆ. "ಸಾಗರ ಅಂತಲೂ ಹಾಕು ಮಾರಾಯ" ಅಂದರು.

ಹಾಕಿಸ್ತೀವಿ. ದೊಡ್ಡ ಅಕ್ಷರದಲ್ಲೇ.

ಜೈ ಭೀಮ್.