ಹೆಸರು ಕೇಳದ ಕೋಣೆ

ರಾಜ್ಯೋತ್ಸವ, ನಾಟಕೋತ್ಸವ, ಗಡಿ, ನದಿನೀರು ಇವು ಈ ಪುಟದ ಎಂದಿನ ವಿಷಯಗಳು. ಈ ಸಲ ಅವನ್ನು ಬದಿಗಿರಿಸಿದ್ದೇನೆ. ನಮ್ಮ ನಡುವೆಯೇ ಇದ್ದರೂ ನಾವಾರೂ ಬಾಯಿಬಿಟ್ಟು ಆಡದ ಮಾತೊಂದಿದೆ. ಕುಡಿತವನ್ನು ಬಿಡಬೇಕೆಂದು ಹೊರಟ ಹೊರನಾಡ ಕನ್ನಡಿಗ ಈ ಮಹಾನಗರದಲ್ಲಿ ಯಾರ ಬಾಗಿಲು ತಟ್ಟಬೇಕು?

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಗೆಳೆಯರೊಬ್ಬರ ಪತ್ನಿ ದೂರವಾಣಿ ಮಾಡಿದರು. ‘ಇವರು ಇವತ್ತೂ ಆಫೀಸಿಗೆ ಹೋಗಿಲ್ಲ. ಊರಿಗೆ ತಿಳಿಸಬೇಡಿ, ಸಂಘದಲ್ಲೂ ಯಾರಿಗೂ ಹೇಳಬೇಡಿ. ನಾನೇನು ಮಾಡಲಿ, ಅಷ್ಟು ಹೇಳಿ’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮದು ಇಪ್ಪತ್ತು ವರ್ಷಗಳ ಸ್ನೇಹ. ಅವರ ಕುಡಿತ ನಮ್ಮ ಗೋಷ್ಠಿಗಳಲ್ಲಿ ನಗೆಮಾತಾಗಿತ್ತು. ನಾನೂ ನಕ್ಕವನೇ, ಎಷ್ಟೋ ಸಲ ಅವರ ಲೋಟ ತುಂಬಿದವನೇ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಯಾರಿರಬಹುದೆಂದು ಊಹಿಸುವ ಶ್ರಮವನ್ನು ಓದುಗರು ದಯವಿಟ್ಟು ತೆಗೆದುಕೊಳ್ಳಬಾರದು.

‘ಇಂದಿನಿಂದಲೇ ನಿಲ್ಲಿಸಿಬಿಡಿ’ ಎಂದು ಉಪದೇಶಿಸಿದ ನನಗೆ ಮೊದಲ ಪಾಠ ಕಲಿಸಿದವರು ವೈದ್ಯರು. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸು, ಮತಿಭ್ರಮಣೆ ಉಂಟಾಗಿ ಪ್ರಾಣಕ್ಕೇ ಅಪಾಯ ಬರಬಹುದು. ಮೊದಲು ಆಸ್ಪತ್ರೆ, ಉಳಿದದ್ದು ಆಮೇಲೆ. ಏಮ್ಸ್ ಸಂಸ್ಥೆಯ ರಾಷ್ಟ್ರೀಯ ವ್ಯಸನ ಚಿಕಿತ್ಸಾ ಕೇಂದ್ರ 2003ರಿಂದ ಗಾಜಿಯಾಬಾದಿನಲ್ಲಿದೆ. 14446 ಎಂಬ ಸಂಖ್ಯೆಗೆ ದೇಶದ ಯಾವ ಮೂಲೆಯಿಂದಲೂ ಉಚಿತವಾಗಿ ಕರೆ ಮಾಡಬಹುದು. ಇಷ್ಟಿದ್ದರೂ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿತ್ತು.

ಔಷಧಿಯಿಂದ ನಡುಕ ನಿಂತಿತು. ಆದರೆ ಸಂಜೆ ಏಳು ಗಂಟೆಗೆ ಏನು ಮಾಡುವುದು? ವೈದ್ಯರೇ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಹೋಗಲು ಸೂಚಿಸಿದರು. ಕರೆ ಮಾಡಿದಾಗ ಅತ್ತಲಿನವರು ಕೇಳಿದ್ದು ಎರಡೇ ಪ್ರಶ್ನೆ: ಕುಡಿತ ಬಿಡುವ ಇಚ್ಛೆ ಇದೆಯೇ, ಯಾವ ಮೆಟ್ರೊ ನಿಲ್ದಾಣ ಹತ್ತಿರ? ಪೂರ್ಣ ಹೆಸರು, ಉದ್ಯೋಗ, ಜಾತಿ ಯಾವುದೂ ಬೇಕಿರಲಿಲ್ಲ. ಸಭೆ ಒಂದು ಚರ್ಚಿನ ಆವರಣದ ಕೋಣೆಯಲ್ಲಿತ್ತು. ಗೆಳೆಯರು ಗೇಟಿನಲ್ಲೇ ನಿಂತರು, ಮತಾಂತರದ ಶಂಕೆ. ಬಾಡಿಗೆಗೆ ಸಿಕ್ಕ ಕೋಣೆ ಅದು, ಅಷ್ಟೇ. ಹೊರಗಿನವರಿಗೂ ಪ್ರವೇಶವಿರುವ ಮುಕ್ತ ಸಭೆಯಾದ್ದರಿಂದ ನಾನೂ ಹಿಂದಿನ ಸಾಲಿನಲ್ಲಿ ಕುಳಿತೆ.

1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಎಂಬ ಷೇರುಪೇಟೆಯವನೂ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನೂ ಪರಸ್ಪರ ತಮ್ಮ ಕುಡಿತದ ಕಥೆ ಹೇಳಿಕೊಂಡದ್ದೇ ಈ ಸಂಘಟನೆಯ ಆರಂಭ. ಶುಲ್ಕವಿಲ್ಲ, ಹೊರಗಿನವರ ದೇಣಿಗೆಯನ್ನು ಇವರು ಸ್ವೀಕರಿಸುವುದೂ ಇಲ್ಲ. ಇದರಿಂದ ಪ್ರಯೋಜನವುಂಟೇ ಎಂದು ಸಂಶಯಪಡುವವರಿಗಾಗಿ ಒಂದು ಮಾತು: 27 ಅಧ್ಯಯನಗಳನ್ನು ಪರಿಶೀಲಿಸಿದ 2020ರ ಕಾಕ್ರೇನ್ ವರದಿ, ಮದ್ಯದಿಂದ ಪೂರ್ತಿ ದೂರವಿರುವ ವಿಷಯದಲ್ಲಿ ಈ ಮಾರ್ಗ ಇತರ ಚಿಕಿತ್ಸೆಗಳಿಗೆ ಕಡಿಮೆಯಿಲ್ಲ, ಕೆಲವೊಮ್ಮೆ ಮೇಲು ಎಂದಿದೆ.

ಆ ಸಂಜೆ ಹಿಂದಿ, ಇಂಗ್ಲಿಷುಗಳಲ್ಲಿ ಒಬ್ಬೊಬ್ಬರೇ ಮಾತಾಡಿದರು. ನಮ್ಮವರ ಸರದಿ ಬಂತು. ಕಡತಗಳ ಹಿಂದಿಯಲ್ಲಿ ಪಳಗಿದ ಆ ಮನುಷ್ಯ ತನ್ನ ಮೊದಲ ಹೆಸರು ಹೇಳಿ, ಎರಡು ವಾಕ್ಯ ಆಡಿ, ತಾಯಿಯ ಕೊನೆಯ ದಿನಗಳ ಮಾತು ಬಂದೊಡನೆ ತಡವರಿಸಿದರು. ಆಮೇಲೆ ಕನ್ನಡದಲ್ಲಿ, ‘ಅವ್ವ ಕರೆದಾಗ ನಾನು ಎಚ್ಚರದಾಗ ಇರಲಿಲ್ಲ’ ಎಂದು ಕುಳಿತುಬಿಟ್ಟರು. ಸಭೆಗೆ ಅರ್ಥವಾಗಲಿಲ್ಲ, ಆದರೂ ಯಾರೂ ಅನುವಾದ ಕೇಳಲಿಲ್ಲ. ಪಕ್ಕದ ಸರ್ದಾರ್ಜಿ ಒಂದು ಲೋಟ ಚಹಾ ತಂದು ಅವರ ಕೈಗಿಟ್ಟರು. ಇಪ್ಪತ್ತು ವರ್ಷ ಕನ್ನಡದಲ್ಲೇ ಹರಟಿದ ನನಗೆ ಆ ಒಂದು ವಾಕ್ಯ ಅಂದೇ ಮೊದಲ ಸಲ ಕೇಳಿಸಿತು.

ನಾಡಿನಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳು ಊರೂರಲ್ಲಿ ನಡೆಯುತ್ತವೆ. ಕುಡಿತ ಬಿಟ್ಟವರು ಬಳಿಕ ನವಜೀವನ ಸಮಿತಿಗಳಲ್ಲಿ ಕೂಡುತ್ತಾರೆ. ಅಲ್ಲಿ ಊರೇ ಸಾಕ್ಷಿ. ಇಲ್ಲಿ ಅದು ನಡೆಯದು. ದೆಹಲಿ ಎಷ್ಟೇ ದೊಡ್ಡದಾದರೂ ದೆಹಲಿಯ ಕನ್ನಡಿಗರದು ಪುಟ್ಟ ಹಳ್ಳಿ: ರೋಹಿಣಿಯಲ್ಲಿ ಕೆಮ್ಮಿದರೆ ನೋಯ್ಡಾದಲ್ಲಿ ಕಷಾಯ ಕಾಯುತ್ತದೆ. ಕಷಾಯ ಒಳ್ಳೆಯದೇ, ಸುದ್ದಿ ಒಳ್ಳೆಯದಲ್ಲ. ನಮ್ಮವರು ನಮ್ಮವರಿಂದಲೇ ಅಡಗಿಕೊಂಡು ಪರಭಾಷೆಯಲ್ಲಿ ಅಳುವುದು ಈ ಕಾರಣಕ್ಕೆ.

ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಗೆ ನನ್ನದೊಂದು ಬಿನ್ನಹ. ವಾರಕ್ಕೊಂದು ಸಂಜೆ ಹಿಂಬದಿಯ ಚಿಕ್ಕ ಕೋಣೆಯನ್ನು ಕನ್ನಡದಲ್ಲಿ ಇಂಥ ಸಭೆ ನಡೆಸಿಕೊಳ್ಳುವವರಿಗೆ ಬಿಟ್ಟುಕೊಡೋಣ. ಇಬ್ಬರು ಮೂವರು ಕೂಡಿದರೂ ಅದೊಂದು ಗುಂಪೇ ಎಂಬುದು ಅವರ ನಿಯಮ. ಅವರು ಕೊಡುವ ಅಲ್ಪ ಬಾಡಿಗೆಯನ್ನು ಬೇಡವೆನ್ನದೆ ಪಡೆಯೋಣ. ಅದು ಅವರ ಸ್ವಾಭಿಮಾನದ ಪ್ರಶ್ನೆ. ಉದ್ಘಾಟನೆ, ಶಾಲು, ಛಾಯಾಚಿತ್ರ ಯಾವುದೂ ಬೇಡ. ಹಾಜರಿ ಪುಸ್ತಕವಂತೂ ಬೇಡವೇ ಬೇಡ. ನಾವು ಪದಾಧಿಕಾರಿಗಳು ಆ ಹೊತ್ತಿಗೆ ಆ ಕಡೆ ಸುಳಿಯಲೂಬಾರದು. ಮನೆಯವರಿಗಾಗಿ 1951ರಲ್ಲೇ ಅಮೆರಿಕದಲ್ಲಿ ಆಲ್-ಅನಾನ್ ಎಂಬ ಬೇರೆ ಸಂಘಟನೆ ಹುಟ್ಟಿದೆ. ನನಗೆ ದೂರವಾಣಿ ಮಾಡಿದ ಆ ತಾಯಿಯಂಥವರಿಗೆ ಇನ್ನೊಂದು ಸಂಜೆಯೂ ಬೇಕಾಗಬಹುದು.

ಸಮಿತಿಯ ಮುಂದಿನ ಸಭೆಗೆ ಇದನ್ನು ಬರೆದುಕೊಟ್ಟಿದ್ದೇನೆ. ಆ ಸಂಜೆ ಸುಗಮ ಸಂಗೀತದ ತಾಲೀಮಿಗೆ ಜಾಗ ಸಾಲದೆಂದು ಒಬ್ಬ ಹಿರಿಯರು ಈಗಾಗಲೇ ಆಕ್ಷೇಪಿಸಿದ್ದಾರೆ. ತಾಲೀಮನ್ನು ಅಗತ್ಯವಿದ್ದರೆ ನಮ್ಮ ಮನೆಯಲ್ಲೇ ನಡೆಸಬಹುದು.