ಪಿಕಪ್ ಬೇಕೆಂದು ಬ್ಲಾಕ್ ಬೋರ್ ಮಾಡಿಸುವ ಮೊದಲು

ನಮ್ಮ ಕಾಲೇಜಿನ ಗೇಟಿನೊಳಗೆ ವಿದ್ಯಾರ್ಥಿಗಳು ಬೈಕ್ ತರುವಂತಿಲ್ಲ. ಹಾಗಾಗಿ ಬೈಕ್‌ಗಳೆಲ್ಲ ಎದುರಿನ ಜೆರಾಕ್ಸ್ ಅಂಗಡಿಯ ಹಿಂದೆ ನಿಲ್ಲುತ್ತವೆ. ಇದು ವಿದ್ಯಾರ್ಥಿಗಳಿಗೂ ಗೊತ್ತು, ಲೆಕ್ಚರರ್‌ಗಳಿಗೂ ಗೊತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಲ್ಲಿ ನಡೆಯುವ ಚರ್ಚೆ ಹೆಚ್ಚಾಗಿ ಒಂದೇ: ಯಾರ ಬೈಕ್ ಎಷ್ಟು ಸಿಸಿ, ಯಾರು ಸೈಲೆನ್ಸರ್ ಬದಲಿಸಿದರು, ಯಾರ ಕಸಿನ್ ಬ್ಲಾಕ್ ಬೋರ್ ಮಾಡಿಸಿ 'ರಾಕೆಟ್' ಮಾಡಿಕೊಂಡ. ಮೊನ್ನೆ ನನ್ನದೇ ತರಗತಿಯ ಒಬ್ಬ, ಪರೀಕ್ಷೆ ಮುಗಿದ ಮೇಲೆ ಅಣ್ಣನ ಥಂಡರ್‌ಬರ್ಡ್‌ಗೆ ದೊಡ್ಡ ಪಿಸ್ಟನ್ ಹಾಕಿಸುತ್ತೇನೆ ಎಂದು ಹೇಳುವುದು ಕೇಳಿಸಿತು. ಬೈಕ್ ಬಗ್ಗೆ ಹುಡುಗಿಗೆ ಎಂತ ಗೊತ್ತು ಎಂದು ನಗುವವರು ನಗಲಿ. ಅದೇ ಕೆಲಸ ಮಾಡಿಸಿದ ಬೈಕಿನ ಹಿಂದಿನ ಸೀಟಿನಲ್ಲಿ ಕುಳಿತವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅಣ್ಣನ ಬಳಿ ಇರುವುದು ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ 350. ಮಾಮ ಗಲ್ಫಿಗೆ ಹೋಗುವಾಗ ಕೊಟ್ಟು ಹೋದದ್ದು. ಉದ್ದ ಹ್ಯಾಂಡಲ್, ತಗ್ಗಿದ ಸೀಟು, ಆರಾಮವಾಗಿ ದೂರ ಹೋಗಲು ಮಾಡಿದ ಕ್ರೂಸರ್. ಅಣ್ಣನ ಗೆಳೆಯರ ಬಳಿ ಇದ್ದದ್ದು ಹಗುರವಾದ 200 ಸಿಸಿ ಬೈಕ್‌ಗಳು. ಹೆದ್ದಾರಿಯಲ್ಲಿ ಅವರು ಮುಂದೆ ಹೋಗಿಬಿಡುತ್ತಿದ್ದರು. 350 ಸಿಸಿ ಇದ್ದೂ ಹಿಂದೆ ಬೀಳುವುದು ಎಂದರೆ ಅವನಿಗೆ ಅವಮಾನ. ಒಂದು ಗ್ಯಾರೇಜಿನವರು ಪರಿಹಾರ ಹೇಳಿದರು: ಬ್ಲಾಕ್ ಬೋರ್ ಮಾಡಿ ದೊಡ್ಡ ಪಿಸ್ಟನ್, ಫ್ರೀ ಫ್ಲೋ ಸೈಲೆನ್ಸರ್, ಕೋನ್ ಏರ್ ಫಿಲ್ಟರ್. ಒಟ್ಟು 30 ಸಾವಿರ. ಅಣ್ಣ ಎರಡು ತಿಂಗಳ ಸಂಬಳ ಕೊಟ್ಟ.

ಬೈಕ್ ಮನೆಗೆ ಬಂದ ದಿನ ಇಡೀ ಓಣಿಗೆ ಗೊತ್ತಾಯಿತು. ಅಷ್ಟು ಶಬ್ದ. ಸೈಲೆನ್ಸರ್ ಬದಲಿಸಿದ ಬೈಕ್ ನಿಜವಾಗಿ ಓಡುವುದಕ್ಕಿಂತ ಹೆಚ್ಚು ಓಡಿದಂತೆ ಕೇಳಿಸುತ್ತದೆ. ಅರ್ಧ ಪಿಕಪ್ ಇರುವುದು ಕಿವಿಯಲ್ಲೇ ಎಂದು ನನಗೆ ಈಗಲೂ ಅನಿಸುತ್ತದೆ.

ಒಂದು ವಾರದ ನಂತರ ಮೂಡಿಗೆರೆಯಲ್ಲಿರುವ ಉಮ್ಮನ ಅಕ್ಕನ ಮನೆಗೆ ನಾವಿಬ್ಬರು ಹೊರಟೆವು. ನನ್ನ ಮಡಿಲಲ್ಲಿ ಉಮ್ಮ ಕಟ್ಟಿಕೊಟ್ಟ ಒಣಮೀನಿನ ಪೊಟ್ಟಣ. ಚಾರ್ಮಾಡಿ ಘಾಟಿ ಹತ್ತುವಾಗ ಅಣ್ಣ ಎರಡು ಕಾರು, ಒಂದು ಟೆಂಪೋ ಹಿಂದೆ ಹಾಕಿದ. ಕೊಟ್ಟಿಗೆಹಾರ ಇನ್ನೂ ಸ್ವಲ್ಪ ದೂರವಿತ್ತು. ಇಂಜಿನ್‌ನಿಂದ ಕೀರಲು ಶಬ್ದ ಬಂತು, ಮರುಕ್ಷಣ ಹಿಂದಿನ ಚಕ್ರ ಬಿಗಿದು ಜಾರಿತು. ಪಿಸ್ಟನ್ ಸೀಜ್ ಆಗಿತ್ತು. ಅಣ್ಣ ಕ್ಲಚ್ ಹಿಡಿದದ್ದರಿಂದ ಚಕ್ರ ಬಿಟ್ಟುಕೊಂಡಿತು. ಹಿಂದೆ ಬರುತ್ತಿದ್ದ ಕೆಎಸ್‌ಆರ್‌ಟಿಸಿ ಬಸ್ಸಿನ ಚಾಲಕರು ಬ್ರೇಕ್ ಒತ್ತಿದರು. ಅಲ್ಹಂದುಲಿಲ್ಲಾಹ್, ನಮಗಿಬ್ಬರಿಗೂ ಏನೂ ಆಗಲಿಲ್ಲ. ಏರುದಾರಿ, ವೇಗ ಕಡಿಮೆ ಇತ್ತು. ಅದೇ ಇಳಿಜಾರಿನಲ್ಲಿ ಆಗಿದ್ದರೆ ಎಂದು ಯೋಚಿಸುವುದನ್ನು ನಾನು ಬಿಟ್ಟಿದ್ದೇನೆ. ಬೈಕನ್ನು ಗೂಡ್ಸ್ ಆಟೋದಲ್ಲಿ ಹಾಕಿ ಕೆಳಗೆ ತಂದೆವು.

ಬೇರೆ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿದಾಗ ನಾನೂ ಇದ್ದೆ. ಪಿಸ್ಟನ್‌ನ ಬದಿಯಲ್ಲಿ ಉದ್ದುದ್ದ ಗೀರುಗಳು, ಬೆಕ್ಕು ಪರಚಿದ ಹಾಗೆ. ಆ ಮೆಕ್ಯಾನಿಕ್ ವಿವರಿಸಿದ್ದು ನಮ್ಮ ಪಾಠವೇ. ಹೊಸ ಫಿಲ್ಟರ್, ಹೊಸ ಸೈಲೆನ್ಸರ್ ಹಾಕಿದಾಗ ಗಾಳಿ ಬರುವ, ಹೊಗೆ ಹೋಗುವ ದಾರಿ ಸಲೀಸಾಯಿತು. ಆದರೆ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಬಿಡುವ ಜೆಟ್ ಹಳೆಯದೇ ಉಳಿಯಿತು. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಇರುವ ಮಿಶ್ರಣದಲ್ಲಿ ಜೋರಾಗಿ ಏರು ಹತ್ತಿಸಿದರೆ ಇಂಜಿನ್ ವಿಪರೀತ ಬಿಸಿಯಾಗುತ್ತದೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ ಎಂದು ಪ್ರಥಮ ಪಿಯುಸಿಯಲ್ಲಿ ಓದಿದ್ದೇವಲ್ಲ? ಪಿಸ್ಟನ್ ಅಲ್ಯೂಮಿನಿಯಂನದು. ಅದು ಹಿಗ್ಗಲು ಬಿಟ್ಟಿರುವ ಜಾಗ ಕೂದಲೆಳೆಯಷ್ಟು. ಆ ಜಾಗ ಮುಗಿದರೆ ಪಿಸ್ಟನ್ ಗೋಡೆಗೆ ಕಚ್ಚಿಕೊಳ್ಳುತ್ತದೆ. ತಪ್ಪು ಮೊದಲನೆಯ ಗ್ಯಾರೇಜಿನವರದು ಮಾತ್ರವಲ್ಲ. ಹೊಸದಾಗಿ ಬೋರ್ ಮಾಡಿದ ಇಂಜಿನನ್ನು ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಬೇಕು. ಅಣ್ಣನಿಗೆ ಅದನ್ನು ಹೇಳಿದ್ದರು, ಅವನು ಕೇಳಲಿಲ್ಲ.

ಹಾಗಾದರೆ ಜೆಟ್ ಬದಲಿಸಿ, ನಿಧಾನವಾಗಿ ಓಡಿಸಿದ್ದರೆ ಸರಿಯಾಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಸೀಜ್ ಆಗದೇ ಇರಬಹುದಿತ್ತು. ಆದರೆ ಆ 30 ಸಾವಿರಕ್ಕೆ ಸಿಗುವುದು ಏನು ಎಂಬುದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ನಾನು ಹಾಕಿದೆ.

ಥಂಡರ್‌ಬರ್ಡ್ 350ರ ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ. ಸಿಲಿಂಡರಿನ ಘನಫಲದ ಸೂತ್ರಕ್ಕೆ ಹಾಕಿದರೆ 346 ಸಿಸಿ ಬರುತ್ತದೆ. ಕಂಪನಿ ಹೇಳುವ ಶಕ್ತಿ 5250 ಆರ್‌ಪಿಎಂನಲ್ಲಿ 19.8 ಅಶ್ವಶಕ್ತಿ, ಟಾರ್ಕ್ 4000 ಆರ್‌ಪಿಎಂನಲ್ಲಿ 28 ನ್ಯೂಟನ್ ಮೀಟರ್. ಈಗ ಬೋರ್ 75 ಮಿ.ಮೀ. ಆಯಿತು ಎಂದು ಇಟ್ಟುಕೊಳ್ಳೋಣ. 398 ಸಿಸಿ, ಅಂದರೆ 15% ಹೆಚ್ಚಳ. ಶಕ್ತಿಯೂ ಅಷ್ಟೇ ಹೆಚ್ಚಿತು ಎಂದು ಉದಾರವಾಗಿ ಒಪ್ಪಿಕೊಂಡರೆ ಸುಮಾರು 22.7 ಅಶ್ವಶಕ್ತಿ. ಹೆದ್ದಾರಿಯ ವೇಗದಲ್ಲಿ ಬೈಕಿನ ದೊಡ್ಡ ಶತ್ರು ಗಾಳಿ. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿ ಏರುತ್ತದೆ. 1.15ರ ಘನಮೂಲ ಸುಮಾರು 1.05. ಮೊದಲು ಬೈಕ್ 115 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಈಗ 120. ಇಷ್ಟೇ! ಐದು ಕಿಲೋಮೀಟರಿಗೆ ಮೂವತ್ತು ಸಾವಿರ. ಬ್ರೇಕ್ ಹಳೆಯದು, ಕ್ಲಚ್ ಹಳೆಯದು, ಟಯರ್ ಹಳೆಯದು.

ಇನ್ನೊಂದು ಲೆಕ್ಕ ಇನ್ನೂ ಚೆನ್ನಾಗಿದೆ. ಶಕ್ತಿ ಎಂದರೆ ಟಾರ್ಕ್ ಗುಣಿಸು ಕೋನೀಯ ವೇಗ. 4000 ಆರ್‌ಪಿಎಂನಲ್ಲಿ 28 ನ್ಯೂಟನ್ ಮೀಟರ್ ಇದ್ದಾಗ ಶಕ್ತಿ 15.7 ಅಶ್ವಶಕ್ತಿ ಮಾತ್ರ. 5250ಕ್ಕೆ ಹೋದಾಗ ಟಾರ್ಕ್ 27ರ ಹತ್ತಿರ ಇಳಿದಿರುತ್ತದೆ, ಆದರೆ ಇಂಜಿನ್ ಬೇಗ ತಿರುಗುವುದರಿಂದ ಶಕ್ತಿ 19.8. ಅಂದರೆ ಬ್ರೋಶರ್‌ನಲ್ಲಿ ದೊಡ್ಡದಾಗಿ ಅಚ್ಚಾಗುವ ಸಂಖ್ಯೆ ಇಂಜಿನ್ ಕಿರುಚುವ ಜಾಗದಲ್ಲಿದೆ. ಕ್ರೂಸರ್ ಓಡಿಸುವವರು ಅಲ್ಲಿಗೆ ಹೋಗುವುದೇ ಅಪರೂಪ. ಅವರು ಅದಕ್ಕಿಂತ ಮೊದಲೇ ಗೇರ್ ಬದಲಿಸುತ್ತಾರೆ. ಕ್ರೂಸರ್ ಕೊಳ್ಳುವುದೇ ಕೆಳಗಿನ ಎಳೆತಕ್ಕಾಗಿ. ಫ್ರೀ ಫ್ಲೋ ಸೈಲೆನ್ಸರ್ ಹಾಕಿದವರಲ್ಲಿ ಹಲವರು ಕಳೆದುಕೊಳ್ಳುವುದು ಅದೇ ಎಳೆತವನ್ನು.

ಕಂಪನಿಯೇ ಈ ಪ್ರಯೋಗ ಮಾಡಿ ತೋರಿಸಿದೆ. ಥಂಡರ್‌ಬರ್ಡ್ 500ರ ಸ್ಟ್ರೋಕ್ ಕೂಡ 90 ಮಿ.ಮೀ.; ಬೋರ್ ಮಾತ್ರ 84. ಸುಮಾರು 150 ಸಿಸಿ ಹೆಚ್ಚಾದಾಗ ಸಿಕ್ಕಿದ್ದು 27.2 ಅಶ್ವಶಕ್ತಿ. ಅದಕ್ಕೆ ಕಾರ್ಬುರೇಟರ್ ತೆಗೆದು ಫ್ಯೂಯೆಲ್ ಇಂಜೆಕ್ಷನ್ ಕೊಟ್ಟರು. ಕಾರ್ಖಾನೆ, ಇಂಜಿನಿಯರ್‌ಗಳು, ಪರೀಕ್ಷಾ ಟ್ರ್ಯಾಕ್ ಎಲ್ಲ ಇಟ್ಟುಕೊಂಡು ಏಳು ಚಿಲ್ಲರೆ ಕುದುರೆ ಸಿಕ್ಕರೆ, ನಮ್ಮ ಊರಿನ ಲೇತ್ ಅಂಗಡಿಯಲ್ಲಿ ಎಷ್ಟು ಸಿಗಬಹುದು?

ಇಂಜಿನ್ ದೊಡ್ಡದು ಮಾಡುವುದೇ ಮೂರ್ಖತನ ಎಂದು ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ ಹಾರ್ಲೆ ಡೇವಿಡ್‌ಸನ್ ಸ್ಪೋರ್ಟ್‌ಸ್ಟರ್ 883 ಕೊಂಡು ಅದನ್ನು 1200 ಮಾಡಿಕೊಳ್ಳುವುದು ಎಷ್ಟೋ ವರ್ಷಗಳಿಂದ ನಡೆದು ಬಂದಿದೆ. ಅಲ್ಲಿ ಅದು ನಡೆಯಲು ಕಾರಣವಿದೆ. ಹಾರ್ಲೆಯೇ 883 ಮತ್ತು 1200 ಎರಡನ್ನೂ ಮಾರುತ್ತಿತ್ತು. ಎರಡರ ಸ್ಟ್ರೋಕ್ ಒಂದೇ, 96.8 ಮಿ.ಮೀ. ಬೋರ್ ಒಂದರಲ್ಲಿ 76.2, ಇನ್ನೊಂದರಲ್ಲಿ 88.9. ದೊಡ್ಡ ಪಿಸ್ಟನ್‌ನ ಹೊರೆ ಎಷ್ಟು ಎಂಬುದು ಕಾರ್ಖಾನೆಗೆ ಮೊದಲೇ ತಿಳಿದಿತ್ತು. ಆದರೂ ಬಲ್ಲವರು ಕಂಪ್ರೆಷನ್ ಎಷ್ಟಾಯಿತು ಎಂದು ಲೆಕ್ಕ ಹಾಕಿ ಅದಕ್ಕೆ ಹೊಂದುವ ಪಿಸ್ಟನ್ ಆರಿಸುತ್ತಾರೆ, ಜೆಟ್ ಅಥವಾ ಇಂಜೆಕ್ಷನ್ ಸರಿಹೊಂದಿಸುತ್ತಾರೆ. ಬೋರ್ ಮಾಡುವುದು ಆ ಕೆಲಸದ ಒಂದು ಭಾಗ ಮಾತ್ರ. ನಮ್ಮಲ್ಲಿ ಅಷ್ಟಕ್ಕೇ ಕೆಲಸ ಮುಗಿಯಿತು.

ಕಾನೂನಿನ ಮಾತು ಬೋರ್ ಎನ್ನುವವರು ಮುಂದಿನ ಪ್ಯಾರಾಕ್ಕೆ ಹಾರಿ, ಆಮೇಲೆ ತಿರುಗಿ ಬನ್ನಿ. ಆರ್‌ಸಿಯಲ್ಲಿ ಸಿಸಿ ಬರೆದಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪಘಾತವಾದರೆ ವಿಮೆ ಕಂಪನಿಗೂ ಹಣ ಕೊಡದಿರಲು ಒಂದು ಕಾರಣ ಸಿಗುತ್ತದೆ. ಇವೆಲ್ಲ ಅಣ್ಣಂದಿರ ಮಾತು. ನಮ್ಮ ಮಾತು ಬೇರೆ: ಪಿಯುಸಿಯಲ್ಲಿರುವ ನಮ್ಮಲ್ಲಿ ಹೆಚ್ಚಿನವರಿಗೆ 18 ಆಗಿಲ್ಲ. ಗೇರ್ ಬೈಕಿನ ಲೈಸೆನ್ಸೇ ಸಿಗುವುದಿಲ್ಲ. 18 ತುಂಬದವರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಓಡಿಸಿದವರಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಜೆರಾಕ್ಸ್ ಅಂಗಡಿಯ ಹಿಂದೆ ನಿಲ್ಲುವ ಬೈಕ್‌ಗಳಲ್ಲಿ ಎಷ್ಟು ನಮ್ಮ ಅಪ್ಪಂದಿರ ಹೆಸರಿನಲ್ಲಿವೆ, ಎಣಿಸಿ ನೋಡಿ.

ನಿಜವಾಗಿ ಪಿಕಪ್ ಬೇಕೆನ್ನುವ ಅಣ್ಣಂದಿರಿಗೆ ಆ ಎರಡನೇ ಮೆಕ್ಯಾನಿಕ್ ಹೇಳಿದ್ದನ್ನು ಹೇಳುತ್ತೇನೆ. ಮೊದಲು ಏರ್ ಫಿಲ್ಟರ್, ಪ್ಲಗ್, ಕಾರ್ಬುರೇಟರ್ ಶುಚಿ ಮಾಡಿಸಿ. ಚೈನ್ ಬಿಗಿ ನೋಡಿ. ಬ್ರೇಕ್ ಚಕ್ರಕ್ಕೆ ಉಜ್ಜುತ್ತಿದೆಯೇ ನೋಡಿ, ಟಯರಿಗೆ ಸರಿಯಾದ ಗಾಳಿ ಹಾಕಿಸಿ. ಮತ್ತೆ, ಬೈಕಿಗೆ ತೂಗುಹಾಕಿದ ಕಬ್ಬಿಣ ತೆಗೆಯಿರಿ. ಥಂಡರ್‌ಬರ್ಡ್ ಮೊದಲೇ ಎರಡು ಕ್ವಿಂಟಾಲ್ ಹತ್ತಿರ ತೂಗುತ್ತದೆ. ಅದಕ್ಕೆ ದಪ್ಪ ಲೆಗ್ ಗಾರ್ಡ್, ಹಿಂದೆ ಕ್ಯಾರಿಯರ್, ಬದಿಯಲ್ಲಿ ಎರಡು ಪೆಟ್ಟಿಗೆ ಕಟ್ಟಿಸಿ, ಆಮೇಲೆ ಪಿಕಪ್ ಸಾಲದು ಎಂದು ಬ್ಲಾಕ್ ಬೋರ್ ಮಾಡಿಸುತ್ತಾರೆ! ನ್ಯೂಟನ್‌ನ ಎರಡನೇ ನಿಯಮ ಗೊತ್ತಿದ್ದರೆ ಸ್ಪ್ಯಾನರ್ ಸಾಕು, ಲೇತ್ ಬೇಡ.

ಅಣ್ಣ ಬೈಕನ್ನು ಮೊದಲಿನಂತೆ ಮಾಡಿಸಲು ಇನ್ನೂ 22 ಸಾವಿರ ಸುರಿದ. ಈಗ ಅದು ಹಳೆಯ ಡುಗ್ ಡುಗ್ ಶಬ್ದದಲ್ಲಿ ಓಡುತ್ತಿದೆ. ಗೆಳೆಯರು ಈಗಲೂ ಮುಂದೆ ಹೋಗುತ್ತಾರೆ, ಇವನು ಹಿಂದಿನಿಂದ ಬಂದು ಅದೇ ಹೋಟೆಲಿನಲ್ಲಿ ಅದೇ ಚಹಾ ಕುಡಿಯುತ್ತಾನೆ.

ಇನ್ನು ಕಾಲೇಜಿಗೆ ಒಂದು ಮನವಿ. ಇಂಜಿನ್ ಬಗ್ಗೆ ಕುತೂಹಲ ಇರುವುದು ತಪ್ಪಲ್ಲ. ನಾಳೆ ಇದೇ ಹುಡುಗರು ಮೆಕ್ಯಾನಿಕಲ್ ಇಂಜಿನಿಯರಿಂಗ್, ಐಟಿಐ, ಡಿಪ್ಲೊಮಾ ಎಂದು ಹೋಗುವವರು. ಆದರೆ ಥರ್ಮೋಡೈನಮಿಕ್ಸ್ ಓದಿಯೂ ನಾವು ಒಂದು ಪಿಸ್ಟನ್ ಕೈಯಲ್ಲಿ ಹಿಡಿದು ನೋಡುವುದಿಲ್ಲ. ಗುಜರಿ ಅಂಗಡಿಯಿಂದ ಒಂದು ಹಳೆಯ ಸಿಂಗಲ್ ಸಿಲಿಂಡರ್ ಇಂಜಿನ್ ತಂದು ಲ್ಯಾಬ್‌ನ ಮೂಲೆಯಲ್ಲಿಟ್ಟು ತಿಂಗಳಿಗೊಂದು ಶನಿವಾರ ಬಿಚ್ಚಲು ಬಿಟ್ಟರೆ, ಪ್ರಯೋಗ ಅಪ್ಪನ ಬೈಕಿನ ಮೇಲೆ ನಡೆಯುವುದು ತಪ್ಪುತ್ತದೆ. ಹುಡುಗಿಯರಿಗೂ ಅವಕಾಶ ಇರಲಿ. ಇಂಜಿನ್ ಬರುವವರೆಗೆ, ಗೀರು ಬಿದ್ದ ಆ ಪಿಸ್ಟನ್ ನನ್ನ ಮೇಜಿನ ಮೇಲಿದೆ. ಅಣ್ಣ ಎಸೆಯಲು ಹೊರಟಿದ್ದ, ನಾನು ತೆಗೆದಿಟ್ಟುಕೊಂಡೆ. ಸೋಮವಾರ ಭೌತಶಾಸ್ತ್ರ ಲ್ಯಾಬ್‌ಗೆ ತಂದು ಕೊಡುತ್ತೇನೆ. ವರ್ನಿಯರ್ ಕ್ಯಾಲಿಪರ್ಸ್ ಹೇಗೂ ಅಲ್ಲೇ ಇದೆ.

— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಿಜ್ಞಾನ ವಿಭಾಗ