ಪಹಣಿಯೂ ಕ್ಲಾಸೂ

ಬಿ.ಎ. ಓದುವವನಿಗೆ ಕಂಪ್ಯೂಟರಿನ ಗೊಡವೆ ಏಕೆಂದು ಮಿತ್ರರು ಹಾಸ್ಯಮಾಡುವುದುಂಟು. ನಮ್ಮ ಮನೆಯಿಂದ ಪದವಿ ತರಗತಿಗೆ ಬಂದ ಮೊದಲಿಗ ನಾನು. ಹೊನ್ನೂರಿನಲ್ಲಿ ಕಾಗದಪತ್ರ ಓದಬೇಕಾದಾಗಲೆಲ್ಲ ಅಪ್ಪ ನನ್ನನ್ನೇ ಕರೆಯುತ್ತಾರೆ. ಹಾಗೆ ಪಹಣಿ ಓದುತ್ತಿದ್ದಾಗ ಹೊಳೆದ ವಿಚಾರವನ್ನು ವಾಚಕರ ಮುಂದಿಡುತ್ತಿದ್ದೇನೆ.

ಪ್ರೋಗ್ರಾಮ್ ಬರೆಯುವವರು ಒಂದು ವಸ್ತುವಿನ ಮಾಹಿತಿಯನ್ನೂ ಅದನ್ನು ಬದಲಿಸುವ ವಿಧಾನಗಳನ್ನೂ 'ಕ್ಲಾಸ್' ಎಂಬ ಒಂದೇ ಕಟ್ಟಿನಲ್ಲಿಡುತ್ತಾರೆ. ಒಳಗಿನದಕ್ಕೆ ಹೊರಗಿನವರು ಕೈಹಾಕದಂತೆ ಮುಚ್ಚಿಡುವುದೇ 'ಎನ್‌ಕ್ಯಾಪ್ಸುಲೇಶನ್'. ಬದಲಾಗಬಹುದಾದ ನಿರ್ಧಾರಗಳನ್ನು ಹೀಗೆ ಅಡಗಿಸಿಡಬೇಕೆಂದು ಡೇವಿಡ್ ಪಾರ್ನಾಸ್ ಎಂಬ ವಿದ್ವಾಂಸರು 1972ರಲ್ಲಿಯೇ ವಾದಿಸಿದ್ದರು.

2 ಎಕರೆ 10 ಗುಂಟೆ, ಅಂದರೆ 90 ಗುಂಟೆ ಜಮೀನು; ಮೂವರು ಅಣ್ಣತಮ್ಮಂದಿರಿಗೆ ತಲಾ 30 ಎಂದಿಟ್ಟುಕೊಳ್ಳೋಣ. 'ಜಮೀನು' ಎಂಬ ಕ್ಲಾಸಿನೊಳಗೆ ಹಿಸ್ಸೆದಾರರ ಪಟ್ಟಿಯಿದೆ. ಹಿಸ್ಸೆಗಳ ಮೊತ್ತ ಸದಾ 90 ಇರಬೇಕೆಂಬುದು ನಿಯಮ. ಪಟ್ಟಿಗೆ 'ಪ್ರೈವೇಟ್' ಎಂದು ಬರೆದು ಬೀಗ ಹಾಕಿದೆವೆಂದು ನಾವು ನಿಶ್ಚಿಂತರಾಗುತ್ತೇವೆ. ಅನಂತರ, ಕೇಳಿದವರಿಗೆ ಆ ಪಟ್ಟಿಯನ್ನೇ ಎತ್ತಿಕೊಡುವ ವಿಧಾನವೊಂದನ್ನು ನಾವೇ ಬರೆಯುತ್ತೇವೆ! ಪಡೆದವನು ಕಿರಿಯ ತಮ್ಮನ ಹೆಸರನ್ನು ಹೊಡೆದುಹಾಕಿದರೆ ಉಳಿಯುವುದು 60. ಜಮೀನಿಗೆ ಅದರ ಸುಳಿವೂ ಇಲ್ಲ. ಪಟ್ಟಿಯ ನಕಲು ಕೊಟ್ಟರೂ ಸಾಲದು. ನಕಲಿನೊಳಗಿರುವ ಹಿಸ್ಸೆದಾರರು ಮೂಲ ವಸ್ತುಗಳೇ ಆಗಿದ್ದರೆ, 30ನ್ನು 45 ಮಾಡಲು ಅಡ್ಡಿಯೇನು?

ನಮ್ಮ ರಾಜ್ಯದ 'ಭೂಮಿ' ಯೋಜನೆ ಈ ಪಾಠಕ್ಕೆ ಒಳ್ಳೆಯ ನಿದರ್ಶನ. ಈ ಶತಮಾನದ ಆರಂಭದವರೆಗೆ ಪಹಣಿ ಪುಸ್ತಕ ಗ್ರಾಮಲೆಕ್ಕಿಗರ ಕೈಯಲ್ಲಿತ್ತು. ಈಗ ರೈತನಿಗೆ ಸಿಗುವುದು ಮುದ್ರಿತ ಪ್ರತಿ. ಅದರ ಮೇಲೆ ಏನು ಗೀಚಿದರೂ ಮೂಲ ಅಲುಗದು. ಖಾತೆ ಬದಲಾಗಬೇಕಾದರೆ ಮ್ಯುಟೇಶನ್ ಕ್ರಮದಲ್ಲಿಯೇ ಆಗಬೇಕು. ಅದನ್ನು ನಡೆಸುವ ನೌಕರನೂ ಬೆರಳಚ್ಚು ಕೊಟ್ಟು ಒಳಹೋಗುವ ಏರ್ಪಾಡು ಅದರಲ್ಲಿದೆ.

ಬೀಗದಿಂದ ತೊಂದರೆಯಿಲ್ಲವೆಂದು ನಾನು ಹೇಳಲಾರೆ. ನನ್ನ ಒಂದು ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿನ ಒಂದಕ್ಷರ ತಪ್ಪಿದೆ. ಯಾವ ಕಚೇರಿಯೆಂಬುದು ಬೇಡ. ತಿದ್ದಲು ತಮ್ಮ ಕಂಪ್ಯೂಟರಿನಲ್ಲಿ ಜಾಗವೇ ಇಲ್ಲವೆಂದು ಅಲ್ಲಿನ ಗುಮಾಸ್ತರು ಹೇಳಿದರು. "ಮೊದ್ಲಾಗಿದ್ರ ಬುಕ್ಕ ತಗ್ದು ತಿದ್ಬುಡೋರು ಕನಪ್ಪ" ಎಂದು ದೊಡ್ಡಪ್ಪ ಮರುಗಿದರು. ಅವರ ಮಾತನ್ನು ನಾನು ಒಪ್ಪಲಿಲ್ಲ. ಅಕ್ಷರ ತಿದ್ದುವ ಲೇಖನಿಯೇ ಹೆಸರನ್ನೂ ಹೊಡೆದುಹಾಕಬಲ್ಲದು. ಇಲ್ಲಿ ತಪ್ಪಿರುವುದು ಬೀಗ ಹಾಕಿದ್ದರಲ್ಲಲ್ಲ, 'ಹೆಸರು ತಿದ್ದು' ಎಂಬ ಬಾಗಿಲನ್ನು ಇಡದೆ ಹೋದದ್ದರಲ್ಲಿ. ಕ್ಲಾಸ್ ಬರೆಯುವವರೂ ಒಳಗಿನ ಪಟ್ಟಿಯನ್ನು ಹೊರಗೆ ಕೊಡುವುದು ಬಹುಮಟ್ಟಿಗೆ ಇಂಥ ಸೋಮಾರಿತನದಿಂದಲೇ. 'ಹಿಸ್ಸೆ ವರ್ಗಾಯಿಸು' ಎಂಬ ವಿಧಾನವನ್ನು ಬರೆದಿದ್ದರೆ ಪಟ್ಟಿಯನ್ನು ಯಾರೂ ಕೇಳುತ್ತಲೇ ಇರಲಿಲ್ಲ.

ಆ ಕಚೇರಿಗೆ ಅರ್ಜಿಯನ್ನಂತೂ ಕೊಟ್ಟಿದ್ದೇನೆ. ಸೋಮವಾರ ಅಪ್ಪನೊಡನೆ ಮತ್ತೊಮ್ಮೆ ಹೋಗಬೇಕು.